ಟರ್ಮಿನಲ್‌ಗೆ ಯಾವ ಲೊಕೇಲ್: ಸಿ, ಸಿ.ಯುಟಿಎಫ್-8, ಇಲ್ಲಾ ಕನ್ನಡದ್ದೇ?

ಲೊಕೇಲ್ ಅಂದರೆ ಭಾಷೆ, ಅಕ್ಷರ, ದಿನಾಂಕ ಹೇಗಿರಬೇಕು ಅಂತ ಯಂತ್ರಕ್ಕೆ ಹೇಳುವ ಸೆಟ್ಟಿಂಗ್. ಲಿನಕ್ಸ್‌ನಲ್ಲಿ 'ಕನ್ನಡ' ಅಂತ ಒಂದು ಫೈಲ್ ಮಾಡಿ, ಬರೀ 'ಸಿ' ಲೊಕೇಲ್‌ನಲ್ಲಿ ಎಲ್‌ಎಸ್ (ಫೈಲ್‌ಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟು ನೋಡಿ. ಹೆಸರಿನ ಬದಲು \340\262\225 ಥರದ ಅಂಕಿಗಳ ಸಾಲು ಬರುತ್ತದೆ. ಫೈಲ್ ಕೆಟ್ಟಿಲ್ಲ. 'ಸಿ'ಗೆ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಪಟ್ಟಿ) ಬಿಟ್ಟು ಬೇರೇನೂ ಗೊತ್ತಿಲ್ಲ, ಅಷ್ಟೇ.

ಅದೇ ಪದದ ಅಕ್ಷರ ಎಣಿಸಲು ಡಬ್ಲ್ಯುಸಿ ಅನ್ನುವ ಆದೇಶಕ್ಕೆ ಹೇಳಿ. 'ಸಿ' 15 ಅನ್ನುತ್ತದೆ, ಅಂದರೆ ಬೈಟ್‌ಗಳ ಲೆಕ್ಕ. ಸಿ.ಯುಟಿಎಫ್-8 (ಅದೇ 'ಸಿ', ಆದರೆ ಎಲ್ಲ ಭಾಷೆಗಳ ಅಕ್ಷರವೂ ಗೊತ್ತಿರುವುದು) ಕೊಟ್ಟರೆ 5. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಒತ್ತಕ್ಷರ 'ನ್ನ' ಒಳಗಿನ ಎರಡು ನ, ಅವುಗಳ ನಡುವಿನ ವಿರಾಮ (ಅರ್ಧಾಕ್ಷರದ '್' ಗುರುತು), ಮೂರೂ ಬೇರೆಬೇರೆಯಾಗಿ ಲೆಕ್ಕಕ್ಕೆ ಸೇರುತ್ತವೆ.

ಸರ್ವರ್, ಕಂಟೇನರ್, ಸ್ಕ್ರಿಪ್ಟ್‌ಗಳಿಗೆ ನನ್ನ ಓಟು ಸಿ.ಯುಟಿಎಫ್-8ಕ್ಕೇ. ಕನ್ನಡ ಸರಿಯಾಗಿ ಓದುತ್ತದೆ, ಸಂದೇಶಗಳು ಇಂಗ್ಲಿಷ್‌ನಲ್ಲೇ ಇರುತ್ತವೆ, ವಿಂಗಡಣೆ ಅಕ್ಷರಗಳ ಕೋಡ್ ಸಂಖ್ಯೆಯ ಕ್ರಮದಲ್ಲಿ ನಡೆಯುತ್ತದೆ. ಹೆಚ್ಚಿನ ಲಿನಕ್ಸ್‌ಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಇದು 2022ರ 2.35 ಆವೃತ್ತಿಯಿಂದ ಸೇರಿದೆ.

ಕನ್ನಡದ ಲೊಕೇಲ್ ಕೆಎನ್_ಐಎನ್ ಹಾಕಿದರೆ ತಿಂಗಳು, ವಾರದ ಹೆಸರು ಕನ್ನಡದಲ್ಲಿ ಬರುತ್ತವೆ. ಸ್ವಂತ ಲ್ಯಾಪ್‌ಟಾಪ್‌ಗೆ ಚೆಂದ. ಆದರೆ ದೋಷದ ಸಂದೇಶದಲ್ಲಿ ಇಂಗ್ಲಿಷ್ ಪದ ಹುಡುಕುವ ಸ್ಕ್ರಿಪ್ಟ್, ಅನುವಾದ ಇರುವ ಕಡೆ ಸುಮ್ನೆ ಕೈಕೊಡುತ್ತದೆ. ನಾನೂ ಒಮ್ಮೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ. ಎರಡೂ ಬೇಕಾದರೆ ಲ್ಯಾಂಗ್ (ಒಟ್ಟಾರೆ ಲೊಕೇಲ್ ಹೇಳುವ ಸೆಟ್ಟಿಂಗ್) ಕನ್ನಡಕ್ಕಿಟ್ಟು, ಎಲ್‌ಸಿ_ಮೆಸೇಜಸ್ (ಸಂದೇಶಗಳ ಭಾಷೆಯದ್ದು) ಮಾತ್ರ ಸಿ.ಯುಟಿಎಫ್-8 ಮಾಡಿ. ಎಲ್‌ಸಿ_ಆಲ್ ಮುಟ್ಟಬೇಡಿ, ಅದು ಉಳಿದೆಲ್ಲವನ್ನೂ ತುಳಿದು ಹಾಕುತ್ತದೆ.

ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಜಾಸ್ತಿ ಬಳಸುವವರಿಗೆ ಒಂದು ಮಾತು: ನಿಮ್ಮ ಲೊಕೇಲ್ ಆಚೆ ಯಂತ್ರಕ್ಕೂ ಹೋಗಬಹುದು. ಅಲ್ಲಿ ಅದು ಇಲ್ಲದಿದ್ದರೆ ಎಚ್ಚರಿಕೆಗಳ ಕಾಟ ಶುರು. 'ಲೊಕೇಲ್ -ಎ' ಕೊಟ್ಟು ಮೊದಲೇ ಪಟ್ಟಿ ನೋಡಿಕೊಳ್ಳಿ.