ಗಾಬ್ಲಿನ್: ಎದೆಗೆ ನಾಟಿದ ಕತ್ತಿ

2016ರ ಡಿಸೆಂಬರ್‌ನಲ್ಲಿ ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ ಶುರುವಾದ ‘ಗಾಬ್ಲಿನ್’ ಧಾರಾವಾಹಿ ನನಗೆ ಪ್ರಾಣ. ಕೊರಿಯಾದ ಹಳೆಯ ಗೊರ್ಯೊ ರಾಜ್ಯದ ಕಾಲದ ಸೇನಾಪತಿ ಕಿಮ್ ಶಿನ್, ಎದೆಗೆ ನಾಟಿದ ಕತ್ತಿ ಹೊತ್ತು ಸಾವಿಲ್ಲದ ಗಾಬ್ಲಿನ್ ಆಗಿ 900 ವರ್ಷಕ್ಕೂ ಜಾಸ್ತಿ ಬದುಕಿದ್ದಾನೆ. ಅದನ್ನು ಕೀಳಲು ಅವನ ಮದುಮಗಳಿಗೆ ಮಾತ್ರ ಸಾಧ್ಯ. ಕಿತ್ತರೆ ಅವನಿಗೆ ಸಾವು. ಎಂಥ ಹಣೆಬರಹ, ಅಲ್ವಾ?

ಆ ಮದುಮಗಳು ಉನ್‌ತಾಕ್ ಮೇಣದಬತ್ತಿ ಆರಿಸುತ್ತಾಳೆ, ಅವನು ಕಡಲ ದಂಡೆಯಲ್ಲಿ ಪ್ರತ್ಯಕ್ಷ. ಅವಳ ಕತ್ತಿನಲ್ಲಿ ಕೆಂಪು ಮಫ್ಲರ್, ಅವನ ಕೈಯಲ್ಲಿ ಬಕ್‌ವೀಟ್ ಹೂವಿನ ಗೊಂಚಲು. ಅವಳಿನ್ನೂ ಸ್ಕೂಲ್ ಹುಡುಗಿ ಅನ್ನುವುದು ಮಾತ್ರ ನನಗೆ ಇರುಸುಮುರುಸು.

ಅವರಿಗಿಂತ ಜಾಸ್ತಿ ಕಾಡಿದ್ದು ಯಮದೂತ ಮತ್ತು ಅವನು ಪ್ರೀತಿಸುವ ಸನ್ನಿ. ಯಮದೂತನಿಗೆ ತನ್ನ ಹಿಂದಿನ ಜನ್ಮ ನೆನಪಿಲ್ಲ. ಆದರೆ ಕೈ ಮುಟ್ಟಿದರೆ ಎದುರಿನವರ ಪೂರ್ವಜನ್ಮ ಕಾಣುತ್ತದೆ. ಯಮದೂತನ ಪಾತ್ರದ ಲೀ ಡಾಂಗ್ ವುಕ್ ಅಳುವಾಗ ನಾನೂ ಅತ್ತೆ. ಮಧ್ಯದ ಕಂತುಗಳು ಸ್ವಲ್ಪ ಎಳೆದಂತಿವೆ, ಆದರೂ 16 ಕಂತನ್ನೂ ಬಿಡದೆ ನೋಡಿ.