ಬೇಸಿಗೆಯ ದುಬಾರೆ: ಬೆಳಿಗ್ಗೆ ಬೇಗ ಹೊರಡಿ, ಇಡೀ ದಿನ ಅಲ್ಲೇ ಇರಿ

ನಮ್ಮ ಮನೆ ಸೋಮವಾರಪೇಟೆ ಹತ್ತಿರ. ಏಪ್ರಿಲ್ ಬಂತೆಂದರೆ ಬೆಂಗಳೂರಿನಿಂದ ಅಕ್ಕನ ಇಬ್ಬರು ಮಕ್ಕಳು ರಜೆಗೆ ಬರುತ್ತಾರೆ. ಪ್ರತಿ ವರ್ಷ ಒಂದೇ ದಿನದಲ್ಲಿ ಅಬ್ಬಿ, ರಾಜಾಸೀಟು, ನಿಸರ್ಗಧಾಮ ಎಲ್ಲ ಸುತ್ತಿಸುತ್ತಿದ್ದೆವು. ಕಾರಲ್ಲಿ ಕೂತಿದ್ದೇ ಜಾಸ್ತಿ. ಈ ಸಲ ಕೊಡಗಿನ ದುಬಾರೆ ಆನೆ ಶಿಬಿರ ಒಂದೇ ಸಾಕು ಅಂತ ಹಟ ಹಿಡಿದೆ. ಅಕ್ಕ, ಮಕ್ಕಳು, ಎಪ್ಪತ್ತು ದಾಟಿದ ಅವ್ವ, ಜೊತೆಗೆ ನನ್ನ ಗೆಳತಿಯ ಕುಟುಂಬ, ಒಟ್ಟು ಒಂಬತ್ತು ಜನ ಹೋದೆವು. ಮನಸ್ಸು ತುಂಬಿತು.

ಕುಶಾಲನಗರದಿಂದ ಮಡಿಕೇರಿ ರಸ್ತೆ ಹಿಡಿದು, ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಬೇಕು. ಕುಶಾಲನಗರದಿಂದ ಸುಮಾರು 15 ಕಿ.ಮೀ. ಆನೆ ಶಿಬಿರ ಕಾವೇರಿಯ ಆಚೆ ದಡದಲ್ಲಿದೆ. ದೋಣಿಯಲ್ಲಿ ದಾಟಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದೋಣಿ ನಿಲ್ಲುತ್ತದೆ, ಈ ಕಡೆ ನಿಂತು ನೋಡಿ ವಾಪಸ್ ಬರಬೇಕಾಗುತ್ತದೆ. ಬೇಸಿಗೆಯಲ್ಲಿ ಹಾಗಲ್ಲ. ನೀರು ಇಳಿದು ಬಂಡೆಗಳೆಲ್ಲ ಎದ್ದು ಕಾಣುತ್ತವೆ.

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ ಹನ್ನೊಂದರ ನಂತರ ತಲುಪಿದ್ದೆವು. ಆನೆಗಳ ಸ್ನಾನ ಮುಗಿದಿತ್ತು. ಚಿಕ್ಕವನು ಅತ್ತೇಬಿಟ್ಟಿದ್ದ. ಅದಕ್ಕೇ ಈ ಸಲ ಮಂಗಳವಾರ ಹೋದೆವು. ಒಂಬತ್ತಕ್ಕೆ ಮೊದಲೇ ದೋಣಿ ಹತ್ತಿರ ಇದ್ದೆವು.

ಆನೆ ನೀರಿಗೆ ಇಳಿಯುವುದನ್ನು ಮೊದಲಿನಿಂದ ನೋಡಬೇಕು. ಮಾವುತ ಒಂದು ಮಾತು ಹೇಳಿದ, ಅಷ್ಟು ದೊಡ್ಡ ಜೀವ ಮೆಲ್ಲಗೆ ಮೊಣಕಾಲೂರಿ ಒಂದು ಮಗ್ಗುಲಿಗೆ ಮಲಗಿತು. ಸೊಂಡಿಲ ತುದಿ ಮಾತ್ರ ನೀರಿನ ಮೇಲೆ, ಉಸಿರಿಗೆ. ಆಮೇಲೆ ಕಿವಿಯ ಹಿಂದೆ, ಹೊಟ್ಟೆ, ಪಾದ ಎಲ್ಲ ತಿಕ್ಕಿದ. ಪಾದವನ್ನು ಮಾತ್ರ ಎತ್ತಿ ಎತ್ತಿ ನೋಡುತ್ತಿದ್ದ. ಯಾಕೆ ಅಂತ ಕೇಳಿದೆ. ಮುಳ್ಳು ಚುಚ್ಚಿದೆಯಾ, ಗಾಯ ಆಗಿದೆಯಾ ಅಂತ ಗೊತ್ತಾಗುವುದು ಸ್ನಾನದ ಹೊತ್ತಿಗೇ ಅಂದ. ರಾತ್ರಿ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ಕರೆತರುತ್ತಾರೆ. ಇಲ್ಲಿನ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಹೆಚ್ಚಿನವರು ಜೇನುಕುರುಬ ಬುಡಕಟ್ಟಿನವರು. ಆ ಕಾಡು ಅವರಿಗೆ ಮನೆಯ ಹಿತ್ತಲಿದ್ದ ಹಾಗೆ.

ಸ್ನಾನ ಮುಗಿದ ಮೇಲೆ ರಾಗಿ ಮುದ್ದೆ, ಬೆಲ್ಲ. ಮುದ್ದೆ ಸೀದಾ ಬಾಯೊಳಗೆ. ನಮ್ಮ ಅವ್ವ ಅದನ್ನು ನೋಡಿ, "ನಮ್ಮ ಊಟವೇ ಅಲ್ವಾ" ಅಂದಳು. ಮೈಸೂರು ದಸರಾಕ್ಕೆ ಹೋಗುವ ಗೋಪಿ, ಧನಂಜಯ ಈ ಶಿಬಿರದವು ಅಂತ ಗೊತ್ತಾದದ್ದೇ ತಡ, ಮಕ್ಕಳು ಪ್ರತಿ ಆನೆಯ ಹೆಸರು ಕೇಳಲು ಶುರು ಮಾಡಿದರು.

ರಾಫ್ಟಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಬ್ಬ ಏಜೆಂಟ್ ಫೋನಿನಲ್ಲಿ "ಬಿಳಿನೀರಿನ ರಾಫ್ಟಿಂಗ್" ಅಂತ ಹೇಳಿ ಮುಂಗಡ ತೆಗೆದುಕೊಂಡಿದ್ದ. ಬಂದು ನೋಡಿದರೆ ನಿಂತ ನೀರಿನಲ್ಲಿ ಹುಟ್ಟು ಹಾಕುವುದು. ಕೊಡಗಿನಲ್ಲಿ ನಿಜವಾದ ರಭಸದ ರಾಫ್ಟಿಂಗ್ ಇರುವುದು ದಕ್ಷಿಣ ಕೊಡಗಿನ ಬರಪೊಳೆಯಲ್ಲಿ, ಅದೂ ಮಳೆಗಾಲದಲ್ಲಿ. ಏಪ್ರಿಲ್‌ನಲ್ಲಿ ಯಾರಾದರೂ ಹಾಗೆ ಹೇಳಿದರೆ ದುಡ್ಡು ಕೊಡಬೇಡಿ. ಸುಳ್ಳು ಹೇಳಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಆದರೆ ನಿಂತ ನೀರಿನ ಆ ಸವಾರಿ ಮಕ್ಕಳಿಗೆ ಒಳ್ಳೆಯದೇ. ಎರಡೂ ಕಡೆ ಮರಗಳ ನೆರಳು, ಬಂಡೆ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆ. ಲೈಫ್ ಜಾಕೆಟ್‌ನ ಬಕಲ್ ನೀವೇ ಎಳೆದು ನೋಡಿ. ಚಿಕ್ಕವನದ್ದು ಸರಿಯಾಗಿ ಕೂರುತ್ತಿರಲಿಲ್ಲ, ಬದಲಾಯಿಸಿಕೊಂಡೆವು.

ಊಟ ಮನೆಯಿಂದಲೇ ಒಯ್ದಿದ್ದೆವು. ಅಕ್ಕಿರೊಟ್ಟಿ, ಕಾಡುಮಾವಿನ ಹಣ್ಣಿನ ಗೊಜ್ಜು. ಈ ಸಣ್ಣ ಮಾವು ಸಿಗುವುದು ಈ ದಿನಗಳಲ್ಲಿ ಮಾತ್ರ. ಗೊಜ್ಜಿನೊಳಗಿನ ಇಡೀ ಹಣ್ಣನ್ನು ಗೊರಟು ಬೆಳ್ಳಗಾಗುವವರೆಗೆ ಚೀಪಬೇಕು. ಬೆಂಗಳೂರಿನ ಮಕ್ಕಳಿಗೆ ಅವ್ವ ಅದನ್ನು ಕಲಿಸಿದಳು. ಅಂಗಿ ಹಾಳಾಯಿತು, ಯಾರೂ ಬೈಯಲಿಲ್ಲ. ಎಲೆ, ಕಾಗದ ಎಲ್ಲ ಚೀಲದಲ್ಲಿ ತುಂಬಿ ವಾಪಸ್ ತಂದೆವು. ದಯವಿಟ್ಟು ನೀವೂ ಹಾಗೇ ಮಾಡಿ. ಆನೆಗಳು ಮೈ ತೊಳೆಯುವ ಹೊಳೆ ಅದು, ನಾವು ಕುಡಿಯುವ ಹೊಳೆಯೂ ಅದೇ.

ಬಂಡೆ ಪಾಚಿಗಟ್ಟಿ ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ. ಮೇಲಿಂದ ನೋಡಿದರೆ ಮೊಣಕಾಲುದ್ದ ಅನ್ನಿಸುವ ಕಡೆ ಗುಂಡಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು.

ನಮಗೂ ಮೂರು ಗಂಟೆಗೆ ಮೋಡ ಕವಿಯಿತು. ಎಲ್ಲರೂ ಚೀಲ ಎತ್ತಿಕೊಂಡರು. ಅವ್ವ ಮಾತ್ರ ದಡದ ಚಪ್ಪಟೆ ಕಲ್ಲಿನ ಮೇಲೆ ಕೂತು, ಕಾಲು ನೀರಿಗೆ ಬಿಟ್ಟಿದ್ದಳು. ಎರಡು ಸಲ ಕರೆದೆ. "ಇನ್ನೊಂದು ಐದು ನಿಮಿಷ ಇರು" ಅಂದಳು. ನಾನೂ ಪಕ್ಕದಲ್ಲಿ ಕೂತೆ.