ತರಕಾರಿ ಬುಟ್ಟಿ ಬರಿದಾದ ರಾತ್ರಿಗೆ ಮೆಂತ್ಯದ ಹಿಟ್ಟು: ಕೊಂಡು ತಂದ ಎರಡು ಪೊಟ್ಟಣಗಳ ವಿಮರ್ಶೆ

ನಮ್ಮ ಮನೆಯಲ್ಲಿ ತರಕಾರಿಯನ್ನು ಭಾನುವಾರ ಬೆಳಗ್ಗೆ ಮಾತ್ರ ತರುವ ರೂಢಿ ಇರುವುದರಿಂದ, ಶುಕ್ರವಾರ ರಾತ್ರಿಯ ಹೊತ್ತಿಗೆ ಬುಟ್ಟಿಯಲ್ಲಿ ಒಂದೆರಡು ಈರುಳ್ಳಿ, ಬಾಡಿದ ಕರಿಬೇವು, ಹೆಚ್ಚೆಂದರೆ ಅರ್ಧ ಸೌತೆಕಾಯಿ ಉಳಿದಿರುತ್ತವೆ. ತಿಂಗಳ ಕೊನೆಯ ವಾರವಾದರೆ ಬೇಳೆಯ ಡಬ್ಬಿಯೂ ತಳ ಕಂಡಿರುತ್ತದೆ. ಹೊರಗಿನಿಂದ ಏನನ್ನೂ ತರಿಸದೆ, ಇದ್ದುದರಲ್ಲೇ ನಾಲ್ಕು ಜನರ ಊಟ ಮುಗಿಸಬೇಕಾದ ಇಂಥ ದಿನಗಳಲ್ಲಿ ನನ್ನ ಕೈ ಮೊದಲು ಹೋಗುವುದು ಮೆಂತ್ಯದ ಹಿಟ್ಟಿನ ಡಬ್ಬಿಗೆ. ಅಮ್ಮ ಇರುವವರೆಗೂ ಅದು ಮನೆಯಲ್ಲೇ ಹುರಿದು, ಗಿರಣಿಯಲ್ಲಿ ಬೀಸಿಸಿಕೊಂಡು ಬಂದದ್ದಾಗಿರುತ್ತಿತ್ತು. ಈಗ ನಾನು ಅಂಗಡಿಯಿಂದ ತರುತ್ತೇನೆ. ಕಳೆದ ಕೆಲವು ತಿಂಗಳಲ್ಲಿ ಎರಡು ಬಗೆಯ ಪೊಟ್ಟಣಗಳನ್ನು ಮುಗಿಸಿದ್ದೇನೆ. ಒಂದು, ದೊಡ್ಡ ಮಳಿಗೆಯ ಮಸಾಲೆಪುಡಿಗಳ ಸಾಲಿನಲ್ಲಿ ಸಿಕ್ಕ ಕಾರ್ಖಾನೆಯ ಪೊಟ್ಟಣ. ಇನ್ನೊಂದು, ಬೆಂಗಳೂರಿನ ಬಸವನಗುಡಿಯ ಕಡೆ ಚಟ್ನಿಪುಡಿ, ಹಪ್ಪಳ, ಸಂಡಿಗೆ ಮಾರುವ ಪುಟ್ಟ ಅಂಗಡಿಯೊಂದರಲ್ಲಿ ತೂಗಿ ಕಟ್ಟಿಕೊಟ್ಟ 200 ಗ್ರಾಂ ಪೊಟ್ಟಣ.

ಹೆಸರು ಕೇಳಿ ಇದು ಬರೀ ಮೆಂತ್ಯದ ಪುಡಿ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಇದರಲ್ಲಿ ಹೆಚ್ಚಿನ ಪಾಲು ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿ, ಹೆಸರುಬೇಳೆ ಮತ್ತು ಗೋಧಿಯದು. ಮೆಂತ್ಯ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಅರಿಶಿನ, ಇಂಗು ಇವೆಲ್ಲ ಅಳತೆಯಲ್ಲಿ ಸ್ವಲ್ಪವೇ ಆದರೂ ರುಚಿಯನ್ನು ನಿರ್ಧರಿಸುವವು. ಎಲ್ಲವನ್ನೂ ಎಣ್ಣೆಯಿಲ್ಲದೆ ಬೇರೆಬೇರೆಯಾಗಿ ಹುರಿದು ಬೀಸುತ್ತಾರೆ. ಮರಾಠಿ ಮಾತಾಡುವವರ ಮನೆಗಳಲ್ಲಿ ಮೆಟ್ಕೂಟ್ ಎಂದು ಕರೆದು, ಮೆತ್ತಗೆ ಬೆಂದ ಅನ್ನಕ್ಕೆ ತುಪ್ಪದೊಂದಿಗೆ ಕಲಸಿ ತಿನ್ನುವುದು ಇದರ ಹತ್ತಿರದ ನೆಂಟನನ್ನೇ. ಕಾಳುಗಳು ಹುರಿಯುವಾಗಲೇ ಬೆಂದಿರುವುದರಿಂದ ಹಿಟ್ಟನ್ನು ಮತ್ತೆ ಒಲೆಯ ಮೇಲಿಡುವ ಅಗತ್ಯವಿಲ್ಲ. ಒಗ್ಗರಣೆಗೆ ಬೇಕಾದ ಎರಡು ನಿಮಿಷದ ಉರಿ ಸಾಕು. ಅಡುಗೆ ಅನಿಲ ಮುಗಿಯುತ್ತಾ ಬಂದಿರುವ ಮನೆಯಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ಅಂಗಡಿಯ ಪೊಟ್ಟಣವನ್ನು ಮೊದಲ ಸಲ ಬಿಚ್ಚಿದ ರಾತ್ರಿಯ ಅಡುಗೆಯನ್ನೇ ಹೇಳುತ್ತೇನೆ, ಏಕೆಂದರೆ ಹಿಟ್ಟಿನ ಗುಣ ತಿಳಿಯುವುದು ಗೊಜ್ಜಿನಲ್ಲಿ. ಮನೆಯಲ್ಲಿ ಎರಡು ದಿನದ ಹುಳಿ ಮೊಸರು ಒಂದೂವರೆ ಲೋಟದಷ್ಟಿತ್ತು. ಅದನ್ನು ಅರ್ಧ ಲೋಟ ನೀರು, ಉಪ್ಪು ಮತ್ತು ಕಡಲೆಕಾಳಿನಷ್ಟು ಬೆಲ್ಲ ಹಾಕಿ ಕಡೆದು, ನಾಲ್ಕು ಚಮಚ ಹಿಟ್ಟನ್ನು ಗಂಟಾಗದಂತೆ ಸ್ವಲ್ಪಸ್ವಲ್ಪವಾಗಿ ಉದುರಿಸುತ್ತಾ ಕಲಸಿದೆ. ಆಗ ಅದು ಮಜ್ಜಿಗೆಯಷ್ಟೇ ತೆಳ್ಳಗಿತ್ತು. ಒಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಸಾಸಿವೆ, ಇಂಗು, ಮುರಿದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯನ್ನು ಚುಯ್ ಎನ್ನುವಂತೆ ಸುರಿದು ಮುಚ್ಚಿಟ್ಟೆ. ಅನ್ನ ಬಸಿದು ತಟ್ಟೆ ಹಾಕುವ ಹೊತ್ತಿಗೆ, ಅಂದರೆ ಹತ್ತು ನಿಮಿಷದಲ್ಲಿ, ಅದು ಸೌಟಿನಿಂದ ನಿಧಾನವಾಗಿ ಇಳಿಯುವ ಹದಕ್ಕೆ ಬಂದಿತ್ತು. ಮೆಂತ್ಯದ ಕಾಳಿನಲ್ಲಿರುವ ಅಂಟುನಾರು ನೀರನ್ನು ಹೀರಿ ಹಿಗ್ಗುವುದರಿಂದ, ಹುರಿದ ಬೇಳೆಯ ಹಿಟ್ಟೂ ಜೊತೆಗೂಡಿ ಗೊಜ್ಜು ತಾನಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಕಲಸುವಾಗಲೇ ಹದ ಸಾಲದೆಂದು ಇನ್ನೆರಡು ಚಮಚ ಸುರಿದುಬಿಟ್ಟರೆ ಊಟದ ಹೊತ್ತಿಗೆ ಅದು ಮುದ್ದೆಯಾಗಿರುತ್ತದೆ. ಹೊಸದಾಗಿ ಬಳಸುವವರೆಲ್ಲ ಮಾಡುವ ತಪ್ಪು ಇದೇ.

ಬಿಸಿ ಅನ್ನಕ್ಕೆ ಕಲಸಿಕೊಂಡ ಮೊದಲ ತುತ್ತಿನಲ್ಲಿ ನಾಲಿಗೆಗೆ ಹುಳಿ, ಆಮೇಲೆ ಹುರಿದ ಕಡಲೆಬೇಳೆಯ ಘಮ, ಎಲ್ಲಕ್ಕಿಂತ ಕೊನೆಗೆ ಮೆಂತ್ಯದ ತೆಳುವಾದ ಕಹಿ, ಇದೇ ಸರದಿಯಲ್ಲಿ ಬಂದವು. ಈ ಸರದಿಯೇ ಒಳ್ಳೆಯ ಮೆಂತ್ಯದ ಹಿಟ್ಟಿನ ಗುರುತು ಎಂದು ನಾನು ನಂಬಿದ್ದೇನೆ. ಕಹಿ ಮೊದಲು ಬಂದರೆ ಮೆಂತ್ಯ ಸೀದಿದೆ ಎಂದರ್ಥ. ಕಹಿ ಬರದೇ ಹೋದರೆ ಮೆಂತ್ಯವನ್ನು ಹೆಸರಿಗಷ್ಟೇ ಹಾಕಿದ್ದಾರೆ ಎಂದರ್ಥ.

ಕಾರ್ಖಾನೆಯ ಪೊಟ್ಟಣದಲ್ಲಿ ಆಗಿದ್ದು ಎರಡನೆಯದೇ. ಪೊಟ್ಟಣಗಳ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಆ ಪಟ್ಟಿಯನ್ನು ಓದುವ ಅಭ್ಯಾಸವಿದ್ದರೆ ದುಡ್ಡು ಕೊಡುವ ಮೊದಲೇ ಬಹಳಷ್ಟು ತಿಳಿಯುತ್ತದೆ. ನಾನು ತಂದ ಪೊಟ್ಟಣದಲ್ಲಿ ಅಕ್ಕಿ ಮೊದಲ ಸ್ಥಾನದಲ್ಲಿತ್ತು, ಉಪ್ಪು ನಾಲ್ಕನೆಯದಾಗಿತ್ತು, ಮೆಂತ್ಯ ಅರಿಶಿನಕ್ಕಿಂತಲೂ ಕೆಳಗಿತ್ತು. ಬಣ್ಣವೇನೋ ಕಣ್ಣು ಸೆಳೆಯುವ ಹಳದಿ. ಆದರೆ ಗೊಜ್ಜು ಮಾಡಿದಾಗ ಹಸಿ ಅಕ್ಕಿಹಿಟ್ಟಿನ ವಾಸನೆ ಹೋಗಲಿಲ್ಲ, ಅಂಗುಳಕ್ಕೆ ಮೆತ್ತಿಕೊಳ್ಳುವ ಗುಣ ಉಳಿಯಿತು. ಉಪ್ಪು ಬೆರೆತಿರುವುದು ಇನ್ನೂ ದೊಡ್ಡ ತೊಂದರೆ. ಗೊಜ್ಜು ಗಟ್ಟಿಯಾಗಲೆಂದು ಒಂದು ಚಮಚ ಹೆಚ್ಚು ಹಾಕಿದರೆ ಉಪ್ಪೂ ಹೆಚ್ಚುತ್ತದೆ, ರಕ್ತದೊತ್ತಡವಿರುವ ಹಿರಿಯರಿರುವ ಮನೆಯಲ್ಲಿ ಅದನ್ನು ಬಳಸುವುದೇ ಕಷ್ಟವಾಗುತ್ತದೆ. ಆ ಪೊಟ್ಟಣವನ್ನು ನಾನು ಮತ್ತೆ ಕೊಳ್ಳಲಿಲ್ಲ.

ಅಂಗಡಿಯ ಹಿಟ್ಟು ಮಾಸಲು ಕಂದು ಬಣ್ಣದ್ದು, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯ ತರಿ ಸಿಗುವಂಥದ್ದು, ಉಪ್ಪಿಲ್ಲದ್ದು. ಪೊಟ್ಟಣಕ್ಕೆ 70 ರೂಪಾಯಿ ಕೊಟ್ಟೆ. ಒಂದು ಸಲದ ಗೊಜ್ಜಿಗೆ ಸುಮಾರು 25 ಗ್ರಾಂ ಹಿಡಿಯುವುದರಿಂದ ಒಂದು ಪೊಟ್ಟಣ ಎಂಟು ಊಟಕ್ಕೆ ಬರುತ್ತದೆ. ಹಾಗಾಗಿ ನಾಲ್ಕು ಜನರ ಒಂದು ಹೊತ್ತಿನ ಗೊಜ್ಜಿಗೆ ಹಿಟ್ಟಿನ ಖರ್ಚು ಒಂಬತ್ತು ರೂಪಾಯಿಯೊಳಗೆ ನಿಲ್ಲುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ, ಹುಳಿಯಾಯಿತೆಂದು ಚೆಲ್ಲಬೇಕಾಗಿದ್ದ ಮೊಸರೂ ಊಟಕ್ಕೆ ಒದಗುತ್ತದೆ ಎಂಬುದು ನನಗೆ ಮುಖ್ಯ.

ಮೊಸರೂ ಇಲ್ಲದ ದಿನ ಬಂದಾಗ ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಬೆಲ್ಲ, ಉಪ್ಪು ಹಾಕಿ ಇದೇ ಹಿಟ್ಟನ್ನು ಕದಡಿದೆ. ಅದು ಮೊಸರಿನದರಷ್ಟು ಮೃದುವಲ್ಲದಿದ್ದರೂ ರೊಟ್ಟಿಗೆ ಚೆನ್ನಾಗಿ ಹೊಂದಿತು. ಆದರೆ ಈ ಹಿಟ್ಟು ನಿಜವಾಗಿ ಮೆರೆಯುವುದು ಧಾರವಾಡದ ಕಡೆಯ ಹಚ್ಚಿದ ಅವಲಕ್ಕಿಯಲ್ಲಿ. ತೆಳು ಅವಲಕ್ಕಿಗೆ ಶೇಂಗಾ, ಪುಟಾಣಿ, ಕರಿಬೇವಿನ ಒಗ್ಗರಣೆ, ಖಾರದಪುಡಿ, ಎರಡು ಚಮಚ ಮೆಂತ್ಯದ ಹಿಟ್ಟು, ಉಪ್ಪು, ಸಕ್ಕರೆ ಹಾಕಿ ಅಂಗೈಯಿಂದ ಹಗುರವಾಗಿ ಹಚ್ಚಬೇಕು. ಎಣ್ಣೆಯ ಪಸೆ ಹಿಟ್ಟನ್ನು ಪ್ರತಿಯೊಂದು ಅವಲಕ್ಕಿಗೂ ಅಂಟಿಸುತ್ತದೆ. ಆ ಕಡೆಯ ಮನೆಗಳಲ್ಲಿ ಮೆಂತ್ಯದ ಹಿಟ್ಟಿಗೆ ಹಸಿ ಈರುಳ್ಳಿ, ಮೊಸರು ಕಲಸಿ ಜೋಳದ ರೊಟ್ಟಿಯ ಜೊತೆ ನೆಂಚಿಕೊಳ್ಳುವುದೂ ಉಂಟು. ಕಾರ್ಖಾನೆಯ ಹಿಟ್ಟಿನಲ್ಲಿ ನಾನು ಮಾಡಿದ ಅವಲಕ್ಕಿ ಉಪ್ಪಾಗಿ, ಬಾಯಿಗೆ ಪುಡಿಪುಡಿಯಾಗಿ ಸಿಕ್ಕಿತು. ಅಂಗಡಿಯದರಲ್ಲಿ ಮಾಡಿದ್ದನ್ನು ಮಕ್ಕಳು ಪಾತ್ರೆ ಬಳಿದು ತಿಂದರು.

ಈ ಹಿಟ್ಟಿನ ಗೊಜ್ಜನ್ನು ಜ್ವರ ಬಿಟ್ಟವರಿಗೆ ಗಂಜಿಯ ಜೊತೆ ಕೊಡಲೂ ಬಹುದು, ಆಗ ಒಗ್ಗರಣೆಯ ಮೆಣಸಿನಕಾಯಿ ಬಿಡಬೇಕು.

ಇಷ್ಟು ಮೆಚ್ಚಿಕೊಂಡ ಮೇಲೆ ಅಂಗಡಿಯ ಹಿಟ್ಟಿನ ಕೊರತೆಗಳನ್ನೂ ಹೇಳಲೇಬೇಕು. ಮೂರನೆಯ ಸಲ ತಂದ ಪೊಟ್ಟಣ ಮೊದಲಿನದರಂತಿರಲಿಲ್ಲ. ಮೆಂತ್ಯವನ್ನು ಕೆಂಪಗಾಗುವವರೆಗೆ ಹುರಿಯುವ ಬದಲು ಕಪ್ಪಾಗುವವರೆಗೆ ಬಿಟ್ಟಿದ್ದರು, ಕಹಿ ಮೊದಲ ತುತ್ತಿಗೇ ಏರಿತು. ಕೈಯಲ್ಲಿ ಹುರಿಯುವ ಕೆಲಸದಲ್ಲಿ ಹೀಗಾಗುವುದು ಸಹಜವಾದರೂ ಕೊಂಡವರಿಗೆ ಎಂಟು ಊಟದ ನಷ್ಟ. ನಾನು ಅದನ್ನು ಬೆಲ್ಲ ಹೆಚ್ಚಿಸಿ ಹುಣಸೆ ಗೊಜ್ಜಿನಲ್ಲೇ ಖರ್ಚು ಮಾಡಬೇಕಾಯಿತು. ತಯಾರಿಸಿದ ದಿನಾಂಕದ ಮುದ್ರೆ ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಪೊಟ್ಟಣ ಒಮ್ಮೆ ಕತ್ತರಿಸಿದರೆ ಮತ್ತೆ ಮುಚ್ಚಲು ಬರುವುದಿಲ್ಲ, ಆದ್ದರಿಂದ ಮನೆಗೆ ತಂದ ತಕ್ಷಣ ಒಣ ಗಾಜಿನ ಡಬ್ಬಿಗೆ ಸುರಿಯಬೇಕು. ಒದ್ದೆ ಚಮಚ ತಾಗಿದರೆ ಹಿಟ್ಟು ಗಂಟುಕಟ್ಟಿ ಮುಗ್ಗುತ್ತದೆ. ಎರಡು ತಿಂಗಳು ದಾಟಿದ ಹಿಟ್ಟು ಕೆಡದಿದ್ದರೂ ಘಮ ಕಳೆದುಕೊಂಡಿರುತ್ತದೆ ಎಂಬುದು ನನ್ನ ಅನುಭವ. ಅರ್ಧ ಕಿಲೋ ತಂದರೆ ಬೆಲೆ ಇಳಿಯುತ್ತದೆಂದು ಅಂಗಡಿಯವರು ಹೇಳಿದರೂ ನಾನು 200 ಗ್ರಾಂ ದಾಟುವುದಿಲ್ಲ. ಗೋಧಿ ಒಗ್ಗದವರು ಇದನ್ನು ಕೇಳದೆ ಕೊಳ್ಳಬಾರದು, ಏಕೆಂದರೆ ಹಿಟ್ಟಿನಲ್ಲಿ ಗೋಧಿ ಇರುವುದಲ್ಲದೆ ಮಾರುಕಟ್ಟೆಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆಸಿರುವುದುಂಟು. ಬೇಳೆ ಮತ್ತು ಧಾನ್ಯ ಜೊತೆಗಿರುವುದರಿಂದ ಒಂದರಲ್ಲಿ ಕೊರತೆಯಾದ ಪೌಷ್ಟಿಕಾಂಶವನ್ನು ಇನ್ನೊಂದು ತುಂಬುತ್ತದೆ ಎಂಬುದು ನಿಜ. ಆದರೆ ತಲೆಗೆ ಒಂದು ಚಮಚ ಹಿಟ್ಟು ಸಾರಿನ ಬೇಳೆಗೆ ಸಮನಾಗದು. ಆ ರಾತ್ರಿ ಜೊತೆಗೊಂದು ಹಿಡಿ ಹುರಿದ ಶೇಂಗಾ ಇಟ್ಟರೆ ಬೆಳೆಯುವ ಮಕ್ಕಳಿಗೆ ಒಳ್ಳೆಯದು.

ಸೀದ ಪೊಟ್ಟಣ ಸಿಕ್ಕ ಮೇಲೆ ನಾನು ಒಮ್ಮೆ ಮನೆಯಲ್ಲೂ ಮಾಡಿ ನೋಡಿದೆ. ಒಂದು ಲೋಟ ಕಡಲೆಬೇಳೆಗೆ ಅರ್ಧ ಲೋಟ ಉದ್ದಿನಬೇಳೆ, ಅರ್ಧ ಲೋಟ ಅಕ್ಕಿ, ಕಾಲು ಲೋಟದಷ್ಟು ಹೆಸರುಬೇಳೆ ಮತ್ತು ಗೋಧಿ, ಎರಡು ಚಮಚ ಮೆಂತ್ಯ, ಅಷ್ಟೇ ಜೀರಿಗೆ. ಎಲ್ಲವೂ ಡಬ್ಬಿಗಳ ತಳದಲ್ಲಿ ಉಳಿದಿದ್ದವೇ. ಹುರಿಯಲು ಮುಕ್ಕಾಲು ಗಂಟೆ ಬೇಕಾಯಿತು, ಮಿಕ್ಸಿಯಲ್ಲಿ ಅಂಗಡಿಯದರಷ್ಟು ಸಮನಾದ ತರಿ ಬರಲಿಲ್ಲ. ರುಚಿ ಅಂಗಡಿಯ ಮೊದಲ ಪೊಟ್ಟಣಕ್ಕೆ ಹತ್ತಿರವಿತ್ತು, ಆದರೆ ಅಮ್ಮನ ಹಿಟ್ಟಿಗೆ ಹತ್ತಿರವಿರಲಿಲ್ಲ. ಬಿಡುವಿರುವವರು ಮನೆಯಲ್ಲೇ ಮಾಡಿಕೊಳ್ಳಲಿ. ಬಿಡುವಿಲ್ಲದವರು ಇಂಥ ಪುಟ್ಟ ಅಂಗಡಿಯಿಂದ ಉಪ್ಪಿಲ್ಲದ, ಮಾಸಲು ಬಣ್ಣದ ಹಿಟ್ಟನ್ನೇ ತರಲಿ, ತರುವ ಮೊದಲು ಒಂದು ಚಿಟಿಕೆ ಅಂಗೈಗೆ ಹಾಕಿಸಿಕೊಂಡು ನಾಲಿಗೆಗೆ ತಾಗಿಸಿ ನೋಡಲಿ. ನಾನೀಗ ಹಾಗೆಯೇ ಮಾಡುತ್ತಿದ್ದೇನೆ, ಅಂಗಡಿಯವರು ಬೇಡವೆನ್ನುವುದಿಲ್ಲ.